ರಿಪೋರ್ಟಿನಲ್ಲಿ ಇಲ್ಲದ ಸಾಲು

ಮೊನ್ನೆ ನಮ್ಮಕ್ಕನ ಮಗ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ. ಕೆಳಗೆ ಒಂದೇ ಸಾಲು: "ಚಿಕ್ಕಮ್ಮ, ಲ್ಯಾಬ್ ರಿಪೋರ್ಟೂ ಇದೆ, ಈಗಲಾದ್ರೂ ಬೈಬೇಡ."

ಅವನು ಇಂಜಿನಿಯರಿಂಗ್ ಮೂರನೇ ವರ್ಷ. ಆರು ತಿಂಗಳಿಂದ ಜಿಮ್ಮಿನ ಹುಚ್ಚು. ಅವರಮ್ಮನಿಗೆ ಗೊತ್ತಿಲ್ಲದ ಹಾಗೆ ಎರಡು ಕೇಜಿ ಪ್ರೋಟೀನ್ ಪುಡಿಯ ಡಬ್ಬ ತರಿಸಿಕೊಂಡು, ದಿನಕ್ಕೆ ಎರಡು ಸ್ಕೂಪ್ ಕುಡಿಯುತ್ತಾನೆ. ನಾನು ಹನ್ನೊಂದು ವರ್ಷದಿಂದ ಬೆಂಗಳೂರಿನ ಒಂದು ಖಾಸಗಿ ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಅನಲಿಸ್ಟ್. ಹಾಗಾಗಿ ಮನೆಯವರಿಗೆಲ್ಲ ನಾನೇ ಜೇನುತುಪ್ಪ ಅಸಲಿಯೋ ನಕಲಿಯೋ ಹೇಳುವವಳು. ಜೇನುತುಪ್ಪ ನೋಡಿದ ತಕ್ಷಣ ನನಗೇನೂ ಗೊತ್ತಾಗಲ್ಲ ಅಂದರೆ ಯಾರೂ ನಂಬಲ್ಲ, ಆ ಮಾತು ಬೇರೆ.

ಅವನು ಕಳಿಸಿದ್ದು ಆ ಪುಡಿಯ ಲ್ಯಾಬ್ ರಿಪೋರ್ಟು. ಆ ಪಿಡಿಎಫ್ ನೋಡುತ್ತಾ ಕೂತಾಗ ಲ್ಯಾಬಿನಲ್ಲಿ ನಾನು ಪೆಟ್ಟು ತಿಂದು ಕಲಿತ ಎರಡು ಮೂರು ಸಂಗತಿ ನೆನಪಾದವು. ಮೊದಲನೆಯದು ಸೇರಿದ ಹೊಸತರಲ್ಲಿ ಆದದ್ದು.

ಆಗ ನಾನಿದ್ದದ್ದು ಪ್ರೋಟೀನ್ ಟೇಬಲ್ಲಿನಲ್ಲಿ. ಪ್ರೋಟೀನ್ ಅಳೆಯುವುದು ಅಂತೀವಿ, ಆದರೆ ನಾವು ಪ್ರೋಟೀನನ್ನು ಅಳೆಯುವುದೇ ಇಲ್ಲ. ಪುಡಿಯನ್ನು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕುದಿಸಿ, ಒಳಗಿರುವ ಸಾರಜನಕವನ್ನೆಲ್ಲ ಅಮೋನಿಯಾ ಮಾಡಿ, ಅದನ್ನು ಹಿಡಿದು ಟೈಟ್ರೇಟ್ ಮಾಡುತ್ತೀವಿ, ಅಂದರೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಎಷ್ಟಿದೆ ಅಂತ ಅಳೆಯುತ್ತೀವಿ. ಸಿಕ್ಕ ಸಾರಜನಕವನ್ನು 6.25ರಿಂದ, ಹಾಲಿನ ಪದಾರ್ಥವಾದರೆ 6.38ರಿಂದ ಗುಣಿಸಿದರೆ ಅದೇ "ಪ್ರೋಟೀನ್". 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ಕಂಡುಹಿಡಿದ ವಿಧಾನ ಇದು. ಬಿಯರ್‌ಗೆ ಬೇಕಾದ ಧಾನ್ಯ ಅಳೆಯಲು ಹುಟ್ಟಿದ್ದು, ಇವತ್ತಿಗೂ ಜಿಮ್ ಹುಡುಗರ ಡಬ್ಬ ಅಳೆಯುತ್ತಿದೆ.

ಒಬ್ಬ ಗ್ರಾಹಕರು ವ್ಹೇ ಪುಡಿ, ಅಂದರೆ ಹಾಲೊಡೆದಾಗ ಉಳಿಯುವ ನೀರಿನಿಂದ ಮಾಡಿದ ಪ್ರೋಟೀನ್ ಪುಡಿ ತಂದರು. ಅರ್ಜಿಯಲ್ಲಿ ಟಿಕ್ ಮಾಡಿದ್ದು ತೇವಾಂಶ, ಬೂದಿ, ಪ್ರೋಟೀನ್, ಮೂರೇ. ನನಗೆ ಬಂದ ಪ್ರೋಟೀನ್ ಶೇ. 78. ಎರಡು ಸಲ ಮಾಡಿದೆ, 78ರ ಆಸುಪಾಸೇ. ಸಹಿ ಹಾಕಿ ಕಳಿಸಿದೆವು. ಕೆಲವು ತಿಂಗಳಾದ ಮೇಲೆ ಅದೇ ಬ್ರ್ಯಾಂಡಿನ ಡಬ್ಬವನ್ನು ಬೇರೊಬ್ಬರು ತಂದು ಪ್ರೋಟೀನ್ ಸರದ ಮಣಿಗಳಾದ ಅಮೈನೋ ಆಸಿಡ್‌ಗಳನ್ನು ಬಿಡಿಬಿಡಿಯಾಗಿ ನೋಡಿ ಅಂದರು. ಅವನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಮಷಿನ್ನಿನ ತೆರೆಯ ಮೇಲೆ ಗ್ಲೈಸಿನ್ ಅನ್ನುವ ಅಮೈನೋ ಆಸಿಡ್‌ನ ಗೆರೆ ಗೋಪುರದ ಹಾಗೆ ನಿಂತಿತ್ತು. ಪ್ರೋಟೀನಿನೊಳಗೆ ಪೋಣಿಸಿಕೊಂಡಿದ್ದ ಗ್ಲೈಸಿನ್ ಅಲ್ಲ ಅದು, ಚೀಲದಿಂದ ಸುರಿದ ಬಿಡಿ ಗ್ಲೈಸಿನ್.

ಲೆಕ್ಕ ಹೀಗಿದೆ ನೋಡಿ. ಗ್ಲೈಸಿನ್‌ನ ತೂಕದಲ್ಲಿ ಸುಮಾರು ಶೇ. 18.7 ಸಾರಜನಕ. 6.38ರಿಂದ ಗುಣಿಸಿದರೆ 119. ಅಂದರೆ ನೂರು ಗ್ರಾಂ ಗ್ಲೈಸಿನ್ ಹಾಕಿದರೆ ನಮ್ಮ ಟೈಟ್ರೇಶನ್ 119 ಗ್ರಾಂ ಪ್ರೋಟೀನ್ ಇದೆ ಅನ್ನುತ್ತೆ! ನೂರು ಗ್ರಾಂ ಪುಡಿಯಲ್ಲಿ ನಿಜವಾದ ಪ್ರೋಟೀನ್ 60 ಇದ್ದು, 15 ಗ್ರಾಂ ಗ್ಲೈಸಿನ್ ಬೆರೆಸಿದರೆ ಲೆಕ್ಕ 78ಕ್ಕೆ ಹೋಗಿ ಕೂರುತ್ತೆ. ಗ್ಲೈಸಿನ್ ವ್ಹೇಗಿಂತ ಅಗ್ಗ. ವಿಷವೇನಲ್ಲ, ಮೋಸ. ಇದೇ ಕಣ್ಕಟ್ಟನ್ನು 2008ರಲ್ಲಿ ಚೀನಾದಲ್ಲಿ ಮೆಲಮೈನ್ ಅನ್ನುವ ಪ್ಲಾಸ್ಟಿಕ್ ಕಾರ್ಖಾನೆಯ ರಾಸಾಯನಿಕ ಹಾಕಿ ಆಡಿದರು. ನೀರು ಬೆರೆಸಿದ ಹಾಲಿನಲ್ಲಿ ಪ್ರೋಟೀನ್ ಸರಿಯಾಗಿ ಕಾಣಲಿ ಅಂತ. ಮೆಲಮೈನ್‌ನ ತೂಕದಲ್ಲಿ ಮೂರನೇ ಎರಡು ಭಾಗ ಬರೀ ಸಾರಜನಕ. ಆರು ಕೂಸುಗಳು ಸತ್ತವು, ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದವು.

ನನಗೆ ಮೈ ಉರಿದದ್ದು ಯಾಕೆ ಅಂದರೆ ನನ್ನ 78 ತಪ್ಪಾಗಿರಲಿಲ್ಲ. ಟೈಟ್ರೇಶನ್ ಸರಿ, ಬ್ಲ್ಯಾಂಕ್ ಸರಿ, ಲೆಕ್ಕ ಸರಿ. ಆದರೂ ಆ ಡಬ್ಬದ ಮೇಲೆ "ಲ್ಯಾಬ್ ಟೆಸ್ಟೆಡ್" ಅಂತ ಬಂಗಾರದ ಸ್ಟಿಕ್ಕರ್ ಬಿತ್ತು. ಸೀನಿಯರ್ ಹತ್ತಿರ ಹೋಗಿ ಗೊಣಗಿದೆ. ಅವರು ಕಾಫಿ ಹೀರುತ್ತಾ, "ಅವ್ರು ಕೇಳಿದ್ದೇನಮ್ಮ? ಪ್ರೋಟೀನ್. ನೀನು ಕೊಟ್ಟಿದ್ದೇನು? ಸಾರಜನಕ. ಬೇರೇನಾದ್ರೂ ಕೇಳಿದ್ರಾ?" ಅಂದರು. ಆವತ್ತು ಅವರ ಮೇಲೂ ಸಿಟ್ಟು ಬಂತು.

ಇದರ ತದ್ವಿರುದ್ಧ ಆದದ್ದೂ ಇದೆ. ಐಸಿಪಿ-ಎಂಎಸ್‌ಗೆ ಬಂದ ಮೇಲಿನ ಕಥೆ. ಈ ಮಷಿನ್ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ನೋಡುತ್ತೆ. ಅರ್ಧ ಗ್ರಾಂ ಪುಡಿಯನ್ನು ಟೆಫ್ಲಾನ್ ಪಾತ್ರೆಗೆ ಹಾಕಿ ನೈಟ್ರಿಕ್ ಆಸಿಡ್ ಸುರಿದರೆ ಮೊದಲು ಚಾಕೊಲೇಟ್ ವಾಸನೆ ಘಮ್ಮಂತ ಬರುತ್ತೆ, ಆಮೇಲೆ ಕಂದು ಹೊಗೆ, ಗಂಟಲು ಕೆರೆತ. ಮೈಕ್ರೋವೇವ್ ಡೈಜೆಸ್ಟರಿನಿಂದ ಹೊರಗೆ ಬಂದಾಗ ತಿಳಿಹಳದಿ ನೀರು, ಚಾಕೊಲೇಟಿನ ಸುಳಿವೇ ಇರಲ್ಲ. ಅದನ್ನು ಆರ್ಗಾನ್ ಪ್ಲಾಸ್ಮಾದ ಬೆಂಕಿಗೆ ತೂರಿಸಿ ಪರಮಾಣುಗಳನ್ನು ತೂಕದ ಪ್ರಕಾರ ಎಣಿಸುವುದು.

ಒಂದು ಸಂಜೆ ಎಲೆಕ್ಟ್ರೋಲೈಟ್ ಬೆರೆಸಿದ ಪ್ರೋಟೀನ್ ಪುಡಿಯೊಂದರಲ್ಲಿ ಆರ್ಸೆನಿಕ್ ಧಾರಾಳವಾಗಿ ಕಂಡಿತು. ಅರ್ಜೆಂಟ್ ಸ್ಯಾಂಪಲ್, ಗ್ರಾಹಕರು ರಿಸೆಪ್ಷನ್ನಿನಲ್ಲೇ ಕೂತಿದ್ದರು. ನನಗೆ ಒಳಗೊಳಗೇ ಉಮೇದು, ಏನೋ ಹಿಡಿದುಬಿಟ್ಟೆ ಅಂತ. ಸೀನಿಯರ್ ಬಂದು ಒಂದೇ ಪ್ರಶ್ನೆ ಕೇಳಿದರು: "ಇದ್ರಲ್ಲಿ ಉಪ್ಪೆಷ್ಟಿದೆ?" ನನ್ನ ಮುಖ ಸಪ್ಪಗಾಯಿತು. ಆರ್ಸೆನಿಕ್ ಪರಮಾಣುವಿನ ತೂಕ 75. ಉಪ್ಪಿನ ಕ್ಲೋರಿನ್ 35, ಪ್ಲಾಸ್ಮಾದ ಆರ್ಗಾನ್ 40. ಎರಡೂ ಕೈಹಿಡಿದು ನಡೆದರೆ ಅದೂ 75. ಹೀಲಿಯಂ ಬಿಟ್ಟು ಆ ಜೋಡಿಯನ್ನು ತಡೆಯುವ ಮೋಡ್ ಇದೆ, ಆತುರದಲ್ಲಿ ಅದನ್ನು ಆನ್ ಮಾಡದೇ ಓಡಿಸಿದ್ದೆ. ಮತ್ತೆ ಓಡಿಸಿದಾಗ ಆರ್ಸೆನಿಕ್ ಹೆಚ್ಚುಕಮ್ಮಿ ಮಾಯ. ಸಹಿ ಹಾಕಿಬಿಟ್ಟಿದ್ದರೆ ಯಾರದೋ ಲಾಟು ಪೂರ್ತಿ ಚರಂಡಿಗೆ ಹೋಗುತ್ತಿತ್ತು. ಈಗಲೂ ದೊಡ್ಡ ನಂಬರ್ ಕಂಡರೆ ನನಗೆ ಖುಷಿಗಿಂತ ಮೊದಲು ಅನುಮಾನ ಬರುತ್ತೆ.

ಆದರೆ ಎಲ್ಲ ಸಲವೂ ಮಾಯವಾಗಲ್ಲ. ಬಟಾಣಿ ಪ್ರೋಟೀನ್, ಅಕ್ಕಿ ಪ್ರೋಟೀನ್, ಅದರ ಮೇಲೆ ಕೋಕೋ: ಈ ಮೂರೂ ಸೇರಿದ ಸ್ಯಾಂಪಲ್ ಬಂದರೆ ನಮ್ಮ ಹುಡುಗರು ಮೊದಲೇ ಹೇಳುತ್ತಾರೆ, ಇದರಲ್ಲಿ ಏನಾದರೂ ಸಿಗುತ್ತೆ ಅಂತ. ಗಿಡ ಮಣ್ಣಿನಿಂದ ಎಳೆದುಕೊಳ್ಳುತ್ತೆ, ನೀರು ನಿಂತ ಗದ್ದೆಯ ಭತ್ತ ಆರ್ಸೆನಿಕ್ ಹೀರುತ್ತೆ, ಕೋಕೋದಲ್ಲಿ ಕ್ಯಾಡ್ಮಿಯಂ, ಸೀಸ. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ 2025ರಲ್ಲಿ 23 ಪ್ರೋಟೀನ್ ಪುಡಿ, ಶೇಕ್‌ಗಳನ್ನು ಪರೀಕ್ಷಿಸಿದಾಗಲೂ ಕಂಡದ್ದು ಇದೇ. ಸಸ್ಯಮೂಲದವುಗಳಲ್ಲಿ ಸೀಸ ಹಾಲಿನ ಮೂಲದವುಗಳಿಗಿಂತ ಸರಾಸರಿ ಒಂಬತ್ತು ಪಟ್ಟು. ಕಂಪನಿಯವರು ಬೇಕಂತ ಸುರಿದದ್ದಲ್ಲ ಇದು. ಸಸ್ಯಮೂಲ, ಸಾವಯವ ಅಂತ ಡಬ್ಬದ ಮೇಲೆ ಹಸಿರೆಲೆ ಬರೆದರೆ ಸೀಸ ಹೆದರಿ ಓಡಲ್ಲ.

ಅಂಥದ್ದೇ ಒಂದು ಚಾಕೊಲೇಟ್ ಪುಡಿಯಲ್ಲಿ ನನಗೆ ಒಮ್ಮೆ ಸೀಸ 0.12 ಪಿಪಿಎಂ ಬಂತು, ಅಂದರೆ ಒಂದು ಗ್ರಾಂ ಪುಡಿಯಲ್ಲಿ 0.12 ಮೈಕ್ರೋಗ್ರಾಂ. ಸ್ಯಾಂಪಲ್ ತಂದವರು ಮುಂದಿಟ್ಟದ್ದು ನಮ್ಮ ದೇಶದ ಆಹಾರ ನಿಯಮಗಳಲ್ಲಿ ಪ್ರತ್ಯೇಕವಾಗಿ ಹೆಸರು ಹೇಳದ ಆಹಾರಗಳಿಗೆ ಇರುವ ಗೆರೆ, 2.5 ಪಿಪಿಎಂ. ಪಾಸ್. ಅದೂ ಫಸ್ಟ್ ಕ್ಲಾಸ್ ಪಾಸ್. ಊಟದ ಡಬ್ಬಿ ತೆಗೆಯುತ್ತಾ ಸುಮ್ಮನೆ ಲೆಕ್ಕ ಹಾಕಿದೆ. ಒಂದು ಸ್ಕೂಪ್ 35 ಗ್ರಾಂ, 4.2 ಮೈಕ್ರೋಗ್ರಾಂ ಸೀಸ. ದಿನಕ್ಕೆ ಎರಡು ಸ್ಕೂಪ್, 8.4. ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 0.5 ಮೈಕ್ರೋಗ್ರಾಂ ದಾಟಿದರೆ ಎಚ್ಚರಿಕೆಯ ಚೀಟಿ ಅಂಟಿಸಬೇಕು. ಅದು ತೀರಾ ಬಿಗಿ ಅನ್ನುವವರಿದ್ದಾರೆ, ಇರಲಿ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಹೆರುವ ವಯಸ್ಸಿನ ಹೆಂಗಸರಿಗೆ ಆಹಾರದಿಂದ ಬರುವ ಒಟ್ಟು ಸೀಸಕ್ಕೆ ಇಟ್ಟುಕೊಂಡಿರುವ ಅಂಕಿ ದಿನಕ್ಕೆ 8.8. ಅನ್ನ, ಸಾರು, ಕಾಫಿ, ನೀರು ಎಲ್ಲದರದ್ದೂ ಸೇರಿ. ಎರಡು ಸ್ಕೂಪಿಗೇ ಅಲ್ಲಿಗೆ ಬಂದು ನಿಂತೆವು.

ಆ 2.5ರ ಗೆರೆಯ ಮೇಲೇ ಕೂತಿರುವ ಪುಡಿಯಾಗಿದ್ದರೆ? ಒಂದು ಸ್ಕೂಪಿಗೆ 87.5 ಮೈಕ್ರೋಗ್ರಾಂ. ಚಿಟಿಕೆ ಹಾಕುವ ಪದಾರ್ಥಕ್ಕೂ ದಿನಾ ಮುಷ್ಟಿಗಟ್ಟಲೆ ಕುಡಿಯುವ ಪುಡಿಗೂ ಪಿಪಿಎಂ ಒಂದೇ ಭಾಷೆಯಲ್ಲಿ ಮಾತಾಡುತ್ತೆ. ಹೊಟ್ಟೆಗೆ ಹೋಗುವುದು ಪಿಪಿಎಂ ಅಲ್ಲ, ಮೈಕ್ರೋಗ್ರಾಂ. ಸೀಸ ಮೂಳೆಯಲ್ಲಿ ಹೋಗಿ ಕೂತರೆ ದಶಕಗಟ್ಟಲೆ ಎದ್ದು ಬರಲ್ಲ. ವಾರಕ್ಕೆ ಇಷ್ಟು ತಿಂದರೆ ಪರವಾಗಿಲ್ಲ ಅಂತ ಮೊದಲು ಇದ್ದ ಅಂಕಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಒ ಸೇರಿ ಮಾಡಿದ ತಜ್ಞರ ಸಮಿತಿ 2010ರಲ್ಲಿ ವಾಪಸ್ ತೆಗೆದುಕೊಂಡಿತು, ಬದಲಿಗೆ ಹೊಸದು ಕೊಡಲೂ ಇಲ್ಲ. ನಾನು ಗ್ರಾಹಕರಿಗೆ ಸ್ಕೂಪ್ ಲೆಕ್ಕ ಹೇಳಲು ಹೋದೆ. "ಮೇಡಂ, ಪಾಸ್ ಅಂತ ಇದೆಯಲ್ಲ, ಸಾಕು ಬಿಡಿ," ಅಂದು ರಶೀದಿ ತೆಗೆದುಕೊಂಡು ಹೋದರು.

ಈಗ ನಮ್ಮ ಹುಡುಗನ ಪಿಡಿಎಫ್‌ಗೆ ಬರುತ್ತೇನೆ. ಪ್ರೋಟೀನ್ ಇತ್ತು, ಒಳ್ಳೆಯ ನಂಬರ್. ಬಿಡಿ ಅಮೈನೋ ಆಸಿಡ್ ಸಾಲು ಇಲ್ಲ. ಅಫ್ಲಾಟಾಕ್ಸಿನ್ ಸಾಲೂ ಇಲ್ಲ, ಕೀಟನಾಶಕದ ಸಾಲೂ ಇಲ್ಲ. ಅವೆರಡೂ ಯಾಕೆ ಬೇಕು ಅಂದರೆ, 2024ರಲ್ಲಿ ಕೇರಳದ ವೈದ್ಯರ ತಂಡ ನಮ್ಮ ದೇಶದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿಸಿತ್ತು. ಸುಮಾರು ಶೇ. 70ರಲ್ಲಿ ಲೇಬಲ್ಲಿನ ಪ್ರೋಟೀನ್ ಲೆಕ್ಕ ತಾಳೆಯಾಗಲಿಲ್ಲ, ಶೇ. 14ರಲ್ಲಿ ಅಫ್ಲಾಟಾಕ್ಸಿನ್, ಶೇ. 8ರಲ್ಲಿ ಕೀಟನಾಶಕದ ಅಂಶ ಸಿಕ್ಕಿತು. ಅಫ್ಲಾಟಾಕ್ಸಿನ್ ಅಂದರೆ ಬೂಷ್ಟು ಬಿಡುವ ವಿಷ, ನೇರ ಲಿವರಿಗೆ.

ಸೀಸದ ಸಾಲು ಇತ್ತು. ಮುಂದೆ "ಬಿಎಲ್‌ಕ್ಯೂ". ಹುಡುಗ ಅದಕ್ಕೆ ಹಳದಿ ಹೈಲೈಟ್ ಬೇರೆ ಮಾಡಿದ್ದ. ಫೋನ್ ಮಾಡಿದೆ.

"ಬಿಎಲ್‌ಕ್ಯೂ ಅಂದ್ರೆ ಏನೋ?"

"ಇಲ್ಲ ಅಂತ ಅಲ್ವಾ ಚಿಕ್ಕಮ್ಮ?"

"ಇಲ್ಲ ಅಂತ ಅಲ್ಲ ಕಣೋ. ನಮ್ಮ ಕೈಲಿ ಅಳೆಯೋಕಾಗೋ ಮಟ್ಟಕ್ಕಿಂತ ಕಮ್ಮಿ ಅಂತ. ಆ ಮಟ್ಟ ಎಷ್ಟು ಅಂತ ಪಕ್ಕದ ಕಾಲಂ ನೋಡು."

"ಒಂದು ಪಿಪಿಎಂ ಅಂತಿದೆ."

"ನಿನ್ನ ಸ್ಕೂಪ್ ಎಷ್ಟು ಗ್ರಾಂ?"

"ಮೂವತ್ಮೂರು."

"ಹಾಗಾದ್ರೆ ಒಂದು ಸ್ಕೂಪಲ್ಲಿ 33 ಮೈಕ್ರೋಗ್ರಾಂ ಹತ್ತಿರ ಸೀಸ ಇದ್ರೂ ಈ ರಿಪೋರ್ಟು ಬಿಎಲ್‌ಕ್ಯೂ ಅಂತಾನೇ ಹೇಳುತ್ತೆ. ಎರಡು ಸ್ಕೂಪಿಗೆ ನೀನೇ ಲೆಕ್ಕ ಹಾಕ್ಕೋ."

ಆ ಕಡೆ ಸದ್ದಿಲ್ಲ. ಇದ್ದೇ ಇದೆ ಅಂತ ಹೇಳಲಿಲ್ಲ ನಾನು. ವ್ಹೇ ಪುಡಿ, ನಿಜಕ್ಕೂ ಕಡಿಮೆಯೇ ಇರಬಹುದು. ಆದರೆ ಐಸಿಪಿ-ಎಂಎಸ್‌ನಲ್ಲಿ 0.01 ಪಿಪಿಎಂವರೆಗೆ ಆರಾಮಾಗಿ ಅಳೆಯಬಹುದಾದ ಕಾಲದಲ್ಲಿ ಒಂದು ಪಿಪಿಎಂ ಅನ್ನುವುದು ಸೊಳ್ಳೆ ಹಿಡಿಯಲು ಮೀನಿನ ಬಲೆ ಹಾಕಿದ ಹಾಗೆ. ಇನ್ನೊಂದು ತೋರಿಸಿದೆ, ತೀರಾ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ: ಸ್ಯಾಂಪಲ್ಲನ್ನು ಗ್ರಾಹಕರೇ ಕೊಟ್ಟದ್ದು, ಫಲಿತಾಂಶ ಈ ಸ್ಯಾಂಪಲ್ಲಿಗೆ ಮಾತ್ರ ಅನ್ವಯ. ನಾವೂ ಹಾಕುತ್ತೀವಿ ಆ ಸಾಲನ್ನು, ಪ್ರತಿ ರಿಪೋರ್ಟಿನಲ್ಲೂ. ಬ್ಯಾಚ್ ನಂಬರ್ ನೋಡಿದರೆ ಅವನ ಡಬ್ಬದ್ದೇ ಅಲ್ಲ, ಎರಡು ವರ್ಷ ಹಳೆಯದು.

"ಹಾಗಾದ್ರೆ ಏನು ಮಾಡ್ಲಿ? ಎಸೆಯೋಕೆ ಆರು ಸಾವಿರ," ಅಂದ. ಕಂಪನಿಗೆ ಮೇಲ್ ಹಾಕು ಅಂದೆ: ನನ್ನ ಬ್ಯಾಚಿನ ರಿಪೋರ್ಟ್ ಕೊಡಿ, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಎಷ್ಟರವರೆಗೆ ಅಳೆದಿದ್ದೀರಿ, ಬಿಡಿ ಅಮೈನೋ ಆಸಿಡ್ ನೋಡಿದ್ದೀರಾ, ಸ್ಯಾಂಪಲ್ ತೆಗೆದವರು ಯಾರು. ಉತ್ತರ ಬರುವವರೆಗೆ ಡಬ್ಬ ಮೇಲಿಡು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರ 2024ರ ಆಹಾರ ಮಾರ್ಗಸೂಚಿಯೂ ಈ ಪುಡಿಗಳ ಸಹವಾಸ ಬೇಡ ಅನ್ನುತ್ತೆ, ಆದರೆ ಇಪ್ಪತ್ತರ ಹುಡುಗನಿಗೆ ಅದನ್ನು ಓದಿ ಹೇಳಲು ಹೋಗಲಿಲ್ಲ.

ಅಕ್ಕನಿಗೆ ವಿಷಯ ಗೊತ್ತಾಗಿ ಈಗ ಬೆಳಿಗ್ಗೆ ನಾಲ್ಕು ಮೊಟ್ಟೆ, ಸಂಜೆ ಮೊಳಕೆ ಹೆಸರುಕಾಳು, ಒಂದು ಬಟ್ಟಲು ಹುರಿದ ಕಡ್ಲೆಬೀಜ. ಕಡ್ಲೆಬೀಜದಲ್ಲಿ ಕಪ್ಪಾದದ್ದು, ಕಹಿ ಆದದ್ದು ಆರಿಸಿ ಬಿಸಾಕು, ಅಫ್ಲಾಟಾಕ್ಸಿನ್ ಮೊದಲು ಬರುವುದೇ ಅಲ್ಲಿ ಅಂದದ್ದಕ್ಕೆ ಅಕ್ಕ ಫೋನ್ ಇಟ್ಟುಬಿಟ್ಟಳು.

ಕಂಪನಿಯಿಂದ ಮೂರನೇ ದಿನ ಉತ್ತರ ಬಂತು. ನಮ್ಮ ಮೇಲೆ ವಿಶ್ವಾಸ ಇಟ್ಟದ್ದಕ್ಕೆ ಧನ್ಯವಾದ, ರಿಪೋರ್ಟ್ ಲಗತ್ತಿಸಿದೆ ಅಂತ. ತೆರೆದು ನೋಡಿದರೆ ಅದೇ ಪಿಡಿಎಫ್. ಜೊತೆಗೆ ಮುಂದಿನ ಡಬ್ಬಕ್ಕೆ ಶೇ. 10 ರಿಯಾಯಿತಿಯ ಕೂಪನ್.