ಗಾಳಿ ಹೊಡೆಯುವ ತೋಟಕ್ಕೆ ಗಂಟೆಹೂ

ಸ್ಕಾಟ್ಲೆಂಡಿನ ಅಬರ್ಡೀನ್ ಸುತ್ತಮುತ್ತ ಗಂಟೆಹೂವಿನ ಗಿಡ, ಅಂದರೆ ಕ್ಯಾಂಪಾನುಲಾ, ಸತ್ತರೆ ಎಲ್ಲರೂ ಬೈಯುವುದು ಚಳಿಯನ್ನು. ಪಾಪ, ಚಳಿಯ ತಪ್ಪು ಕಮ್ಮಿ. ಅಲ್ಲಿ ಮಾರುವ ಹೆಚ್ಚಿನ ಜಾತಿಗಳು ಮೈನಸ್ 15 ಡಿಗ್ರಿಗೂ ಜಗ್ಗುವುದಿಲ್ಲ. ಚಳಿಗಾಲವಿಡೀ ಬುಡದಲ್ಲಿ ನಿಲ್ಲುವ ನೀರು ಬೇರು ಕೊಳೆಸುತ್ತದೆ, ಬೇಸಿಗೆಯ ಗಾಳಿ ದಂಟು ಮುರಿಯುತ್ತದೆ.

ಹಾಗಾಗಿ ಮೊದಲು ಎತ್ತರ ನೋಡಿ ಆರಿಸಿ. ಪೂರ್ತಿ ಬಯಲಿಗೆ ಕಾರ್ಪಾಟಿಕಾ (20–30 ಸೆಂ.ಮೀ.), ಕಾಕ್ಲಿಯಾರಿಫೋಲಿಯಾ (ಸುಮಾರು 10 ಸೆಂ.ಮೀ.), ಮತ್ತೆ ಅಲ್ಲಿನ ಗುಡ್ಡಗಳದೇ ಆದ ರೋಟುಂಡಿಫೋಲಿಯಾ. ಈ ಕೊನೆಯದನ್ನು ಸ್ಕಾಟ್ಲೆಂಡಿನವರು ಬ್ಲೂಬೆಲ್ ಅನ್ನುತ್ತಾರೆ; ಇಂಗ್ಲೆಂಡಿನ ಬ್ಲೂಬೆಲ್ ಬೇರೆಯೇ ಗೆಡ್ಡೆಯ ಗಿಡ. ಬೀಜ ಕೊಳ್ಳುವಾಗ ಲ್ಯಾಟಿನ್ ಹೆಸರನ್ನೇ ನೋಡಿ. ಪರ್ಸಿಸಿಫೋಲಿಯಾ ಒಂದು ಮೀಟರ್‌ವರೆಗೆ ಏಳುತ್ತದೆ, ಲ್ಯಾಕ್ಟಿಫ್ಲೋರಾ ಒಂದೂವರೆ ಮೀಟರ್. ಇವಕ್ಕೆ ಮರೆ ಬೇಕು. ಕಲ್ಲಿನ ಗೋಡೆ ಕಟ್ಟಿದರೆ ಗಾಳಿ ಅದನ್ನು ಹಾರಿ ಆಚೆ ಸುಳಿಯಾಗಿ ಗಿಡದ ಮೇಲೆಯೇ ಬೀಳುತ್ತದೆ. ಅರ್ಧ ಗಾಳಿ ಒಳಬಿಡುವ ಬೇಲಿ ಅಥವಾ ಬಲೆ ಒಳ್ಳೆಯದು.

ಲ್ಯಾಕ್ಟಿಫ್ಲೋರಾಗೆ ಇನ್ನೊಂದು ಉಪಾಯವಿದೆ. ಮೇ ಕೊನೆಯಲ್ಲಿ ದಂಟುಗಳನ್ನು ಮೂರನೇ ಒಂದು ಭಾಗ ಕತ್ತರಿಸಿ. ಹೂ ಎರಡು-ಮೂರು ವಾರ ತಡವಾದೀತು, ಆದರೆ ಗಿಡ ಗಿಡ್ಡವಾಗಿ, ಕವಲೊಡೆದು ನಿಲ್ಲುತ್ತದೆ. ಊರುಗೋಲು ಕೊಡುವುದಾದರೆ ಗಿಡ 30 ಸೆಂ.ಮೀ. ಇದ್ದಾಗಲೇ ಕೊಡಿ, ಬಿದ್ದ ಮೇಲೆ ಎತ್ತಿ ಕಟ್ಟಿದರೆ ಪೊರಕೆ ಕಟ್ಟಿದ ಹಾಗೆ ಕಾಣುತ್ತದೆ. ಸಾರಜನಕದ ಗೊಬ್ಬರ ಸುರಿಯಬೇಡಿ, ದಂಟು ಮೆತ್ತಗಾಗಿ ಮೊದಲ ಬಿರುಗಾಳಿಗೇ ಮಲಗುತ್ತದೆ.

ಗಿಡ್ಡ ಜಾತಿಗಳಿಗೆ 20–30 ಸೆಂ.ಮೀ. ಎತ್ತರದ ಏರುಮಡಿ. ಮಣ್ಣು, ಎಲೆಗೊಬ್ಬರ, 3–6 ಮಿ.ಮೀ.ನ ಸಣ್ಣ ಜಲ್ಲಿ ಸಮಸಮ. ನೆಟ್ಟ ಮೇಲೆ ಬುಡದ ಸುತ್ತ ಅದೇ ಜಲ್ಲಿ ಎರಡು ಸೆಂ.ಮೀ. ಹರಡಿ, ದಂಟು ಬೇರಿಗೆ ಸೇರುವ ಕುತ್ತಿಗೆ ಒಣಗಿರುತ್ತದೆ.

ಬೀಜ ಧೂಳಿನಷ್ಟು ಸಣ್ಣದು. ಒಣ ಮರಳಿನ ಜತೆ ಬೆರೆಸಿ ಮಾರ್ಚಿನಲ್ಲಿ ಟ್ರೇ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ. ಮೊಳೆಯಲು ಬೆಳಕು ಬೇಕು. ನೀರು ಕೆಳಗಿನಿಂದ ಹೀರಲಿ, ಮೇಲೆ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ. 15–20 ಡಿಗ್ರಿಯಲ್ಲಿ ಎರಡರಿಂದ ನಾಲ್ಕು ವಾರಕ್ಕೆ ಮೊಳಕೆ. ಹೊರಗೆ ನೆಡುವ ಮುಂಚೆ ಹತ್ತು ದಿನ ಹಗಲಷ್ಟೇ ಗಾಳಿಗೆ ಒಡ್ಡಿ.

ವಸಂತದ ಚಿಗುರೆಂದರೆ ಚಿಪ್ಪಿಲ್ಲದ ಬಸವನಹುಳುಗಳಿಗೆ ಹಬ್ಬ. ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಖಾತ್ರಿ ದಾರಿ. ಎಲೆಯಡಿ ಕಿತ್ತಳೆ ಪುಡಿ ಕಂಡರೆ ತುಕ್ಕು ರೋಗ. ಆ ಶಿಲೀಂಧ್ರ ಪೈನ್ ಮರದ ಸೂಜಿಯೆಲೆಯ ಮೇಲೂ ಬದುಕುತ್ತದೆ, ಆದ್ದರಿಂದ ಪೈನ್ ಪಕ್ಕದ ತೋಟದಲ್ಲಿ ಮತ್ತೆ ಮತ್ತೆ ಬಂದೀತು. ರೋಗದ ಎಲೆ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ.

ಯಾರಾದರೂ ‘ತುಂಬಾ ಹಬ್ಬುತ್ತೆ, ತಗೊಳ್ಳಿ’ ಎಂದು ಗಿಡ ಕೊಟ್ಟರೆ ಬೇರು ನೋಡಿ. ಬಿಳಿ, ದಪ್ಪ ಬೇರಿದ್ದರೆ ಅದು ರಪುಂಕುಲಾಯ್ಡಿಸ್ ಎಂಬ ಕ್ಯಾಂಪಾನುಲಾ ಜಾತಿ ಇರಬಹುದು. ಅದರ ತುಂಡು ಬೇರೂ ಹೊಸ ಗಿಡವಾಗುತ್ತದೆ. ಒಮ್ಮೆ ಊರಿತೆಂದರೆ ಕಿತ್ತಷ್ಟೂ ಬರುತ್ತಲೇ ಇರುತ್ತದೆ.