"ನಿಂಗೇನೂ ಅಂಟಾಕಿಲ್ವಾ?"

ಆಸ್ಪತ್ರೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಒಮ್ಮೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಎಣಿಸುತ್ತಿದ್ದ ಅಜ್ಜಿಯಿಂದಲೂ ಡಾಕ್ಟರಾದ ನನಗೆ ಇದೇ ಪ್ರಶ್ನೆ: "ದಿನಾ ಸೋಂಕಿನೋರ ಮಧ್ಯಾನೇ ಇರ್ತೀಯಲ್ಲವ್ವ, ನಿಂಗೇನೂ ಅಂಟಾಕಿಲ್ವಾ?" ನನ್ನಮ್ಮ ಮಾತ್ರ ಕೇಳುವುದಿಲ್ಲ. ಬಾಗಿಲು ತೆಗೆದವಳೇ ಬಚ್ಚಲಿನ ಕಡೆ ಕೈ ತೋರಿಸುತ್ತಾಳೆ.

ಮಳೆಗಾಲದಲ್ಲಿ ನನ್ನ ಹತ್ತಿರ ಬರುವ ಜ್ವರಗಳಲ್ಲಿ ಎಷ್ಟೋ ಒಬ್ಬರಿಂದ ಒಬ್ಬರಿಗೆ ನೇರ ಹರಡುವಂಥವಲ್ಲ. ಡೆಂಗಿಗೆ ಸೊಳ್ಳೆ ಬೇಕು. ಇಲಿಜ್ವರಕ್ಕೆ ಇಲಿಯ ಉಚ್ಚೆ ಬೆರೆತ ಗದ್ದೆ ನೀರು, ಕಾಲಲ್ಲೊಂದು ಬಿರುಕು ಸಾಕು.

ಪಾಂಡವಪುರದ ಕಡೆಯಿಂದ ಕಬ್ಬು ಕಡಿಯುವವರೊಬ್ಬರು ಎಂಟು ದಿನದ ಜ್ವರ ಹೊತ್ತು ಬಂದಿದ್ದರು. ಹೆಂಡತಿ ಮೂಗಿಗೆ ಸೆರಗು ಹಿಡಿದು, ನೀರಿನ ಚೊಂಬನ್ನು ಮಂಚದ ತುದಿಗಿಟ್ಟು ಹಿಂದೆ ಸರಿಯುತ್ತಿದ್ದರು. ಇಂಥ ಜ್ವರದಲ್ಲಿ ನಾನು ಕಂಕುಳು, ತೊಡೆಸಂದು, ಉಡಿದಾರದ ಕೆಳಗೆಲ್ಲ ಹುಡುಕುತ್ತೇನೆ. ಎಡಗಂಕುಳಲ್ಲಿ ಸಿಕ್ಕಿತು, ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ. ನೋವಿಲ್ಲ, ತುರಿಕೆಯಿಲ್ಲ. ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ, ಕಣ್ಣಿಗೆ ಬೀಳುವುದೇ ಕಷ್ಟವೆನಿಸುವ ನುಸಿಮರಿ ಕಚ್ಚಿದ ಗುರುತು. ಮಂಚದ ಮೇಲೇ ಕೂತು ಆಕೆಗೆ ತೋರಿಸಿದೆ. "ಅಯ್ಯೋ, ಉಣ್ಣೆ ಕಡ್ದದೆ ಅಂತ ಸುಣ್ಣ ಹಚ್ಚಿದ್ನಲ್ಲಾ" ಅಂದರು. ಸೆರಗು ಇಳಿದಿತ್ತು. ಡಾಕ್ಸಿಸೈಕ್ಲಿನ್ ಶುರುವಾದ ಎರಡನೇ ದಿನ ಜ್ವರವೂ ಇಳಿಯಿತು.

ಹಾಗಂತ ಏನೂ ಅಂಟುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಎಂಡಿ ಓದುವಾಗ ಒಂದು ನಡುರಾತ್ರಿ ರಕ್ತ ತೆಗೆದು, ಸೂಜಿಗೆ ಮುಚ್ಚಳ ಹಾಕಲು ಹೋಗಿ ಹೆಬ್ಬೆರಳಿಗೆ ಚುಚ್ಚಿಕೊಂಡೆ. ಮುಚ್ಚಳ ಹಾಕಬೇಡಿ ಅಂತ ಅವತ್ತು ಬೆಳಿಗ್ಗೆಯಷ್ಟೇ ಕಿರಿಯರನ್ನು ಗದರಿದವಳೂ ನಾನೇ. ರೋಗಿಗೆ ಎಚ್‌ಐವಿ ಇತ್ತು, ಚಿಕಿತ್ಸೆ ಇನ್ನೂ ಶುರುವಾಗಿರಲಿಲ್ಲ. ಅಂಥ ಚುಚ್ಚಿನಿಂದ ಸೋಂಕು ತಗಲುವುದು ಸುಮಾರು 1000ಕ್ಕೆ 3 ಸಲ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಆ ರಾತ್ರಿ ಉಳಿದ 997 ಎಲ್ಲಿ ಹೋದವೋ. ಸೋಂಕು ತಡೆಯಲು 72 ಗಂಟೆಯೊಳಗೆ ಶುರು ಮಾಡಬೇಕಾದ ಮಾತ್ರೆ, ಎರಡು ಗಂಟೆಯೊಳಗೇ ನುಂಗಿದೆ. 28 ದಿನ ವಾಕರಿಕೆ. ಅಮ್ಮ ಕೇಳಿದ್ದಕ್ಕೆ ಹಾಸ್ಟೆಲ್ ಊಟ ಸರಿಯಿಲ್ಲ ಅಂದೆ. ಪರೀಕ್ಷೆಗಳೆಲ್ಲ ನೆಗೆಟಿವ್ ಬಂದವು.

ಈಗ ನನ್ನ ಭಯವೆಲ್ಲ ಕಿಟಕಿ ಮುಚ್ಚಿದ ಕೋಣೆಯ ಕೆಮ್ಮಿನದು, ಗಾಳಿಯಲ್ಲಿ ಹರಡುವ ಕ್ಷಯದ್ದು. ಡೆಂಗಿ ರೋಗಿಯಿಂದ ಮಾರು ದೂರ ನಿಲ್ಲುವವರೇ ಎರಡು ವಾರ ದಾಟಿ ಕೆಮ್ಮುತ್ತಿರುವ ಮಾವನ ಪಕ್ಕ ಕೂತು, ಶೀತಗಾಳಿ ಅಂತ ಕಿಟಕಿ ಎಳೆದುಕೊಳ್ಳುತ್ತಾರೆ. ಕೆಆರ್‌ಎಸ್ ರಸ್ತೆಯಲ್ಲಿ, ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯ ಹೆಸರಿನ ಆಸ್ಪತ್ರೆ ಇದೆಯಲ್ಲ, ಅದು ಶುರುವಾದಾಗ ಕ್ಷಯಕ್ಕೆ ಮದ್ದೇ ಇರಲಿಲ್ಲ. ಕ್ಷಯಕ್ಕೆ ನಾಟಿದ ಮೊದಲ ಮದ್ದು ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೇ 1943ರಲ್ಲಿ. ಆಗಿನವರು ನಂಬಿದ್ದು ಗಾಳಿ, ಬೆಳಕು, ಊಟವನ್ನು. ಮದ್ದು ಬಂದ ಮೇಲೆ ನಾವು ಗಾಳಿಯನ್ನು ಮರೆತೆವು. ನನ್ನ ಕೋಣೆಯ ಕಿಟಕಿಯನ್ನು ಧೂಳು ಅಂತ ಅಟೆಂಡರ್ ಮುಚ್ಚುತ್ತಾನೆ, ನಾನು ತೆಗೆಯುತ್ತೇನೆ. ದಿನಕ್ಕೆ ನಾಲ್ಕು ಸಲವಾದರೂ.

ಸೂಜಿಯ ವಿಷಯ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಮೊಬೈಲಿನಲ್ಲಿ ಅವಳು ನೋಡುವುದು ಅಡುಗೆಯನ್ನಷ್ಟೇ, ಹಾಗಾಗಿ ಇಲ್ಲಿ ಧೈರ್ಯವಾಗಿ ಬರೆದಿದ್ದೇನೆ. ಸಂಜೆ ಹೋದರೆ ನೀರು ಕಾದಿರುತ್ತದೆ. ಸೊಳ್ಳೆ, ನುಸಿ ಅಂತ ವಾದ ಮಾಡದೆ ಸ್ನಾನಕ್ಕೆ ಹೋಗುತ್ತೇನೆ.