‘ಮತ್ತೆ ಯಾವಾಗ ಬತ್ತೀಯವ್ವ?’

ಈ ಶನಿವಾರದ ಕಾನ್ಫರೆನ್ಸಿಗೆ (ವಿದ್ಯಾರ್ಥಿಗಳ ವರದಿಯನ್ನು ಮೇಲ್ವಿಚಾರಕರಾದ ನಾವು ಅವರ ಜೊತೆ ಕೂತು ಚರ್ಚಿಸುವ ಸಭೆ) ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಎರಡನೇ ಸೆಮಿಸ್ಟರಿನ ಹುಡುಗಿಯೊಬ್ಬಳು ಎರಡು ವಾರದ ಕ್ಷೇತ್ರಕಾರ್ಯದ ವರದಿ ಒಟ್ಟಿಗೆ ತಂದಿದ್ದಳು. ಮೊದಲ ಮನೆಭೇಟಿಯ ಕೊನೆ ಸಾಲು: ‘ತಾಯಿಗೆ ಭರವಸೆ ನೀಡಲಾಯಿತು.’ ಅವರು ಏನು ಕೇಳಿದರು, ನೀನೇನಂದೆ, ಆ ಮಾತನ್ನೇ ಹೇಳು ಎಂದಾಗ ನೆನಪಿಸಿಕೊಂಡು ಹೇಳಿದಳು. ತಾಯಿ: ‘ಮತ್ತೆ ಯಾವಾಗ ಬತ್ತೀಯವ್ವ?’ ಇವಳು: ‘ಬಂದೇ ಬರ್ತೀನಮ್ಮ.’

ಕೇಳಿದ್ದು ಯಾವಾಗ ಅಂತ. ಉತ್ತರದಲ್ಲಿ ದಿನವೇ ಇಲ್ಲ.

ಆ ತಾಯಿ ಶುಕ್ರವಾರ ಕೂಲಿಗೆ ಹೋಗಲಿಲ್ಲ, ಶನಿವಾರವೂ ಹೋಗಲಿಲ್ಲ. ಮಗನಿಗೆ ಸ್ನಾನ ಮಾಡಿಸಿ, ಕಾಗದಪತ್ರದ ಪ್ಲಾಸ್ಟಿಕ್ ಕವರು ತೊಡೆ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದರಂತೆ. ಎರಡನೇ ಭೇಟಿಯಲ್ಲಿ ಇದನ್ನು ಹೇಳಿದ್ದು ಪಕ್ಕದ ಮನೆಯವರು, ತಾಯಿಯಲ್ಲ. ತಾಯಿ ಟೀ ಕೊಟ್ಟರು. ಬಡವರ ಈ ಸೌಜನ್ಯವೇ ನಮ್ಮ ತಪ್ಪುಗಳನ್ನು ಮುಚ್ಚಿಬಿಡುತ್ತದೆ.

ಹುಡುಗಿ ಒಳ್ಳೆಯವಳು. ಹದಿನಾರು ವರ್ಷದ ಆ ಹುಡುಗನ ಪಕ್ಕ ನೆಲದ ಮೇಲೆ ಕೂತು ಮಾತಾಡಿಸಿದ್ದಾಳೆ. ಸಹಾಯ ಮಾಡುವ ವೃತ್ತಿಗೆ ಬೇಕಾದ ಕರುಣೆ ಅವಳಲ್ಲಿ ಧಾರಾಳವಾಗಿದೆ. ಕಲಿಯಬೇಕಾದ್ದು ಕರುಣೆಗೆ ದಿನ, ವೇಳೆ ಹಚ್ಚುವುದನ್ನು. ಸಮಾಜಕಾರ್ಯದ ವಿದ್ವಾಂಸ ಬಿಸ್ಟೆಕ್ ಹೇಳಿದ ಕೇಸ್‌ವರ್ಕಿನ, ಅಂದರೆ ಒಬ್ಬೊಬ್ಬರ ಜೊತೆ ಬಿಡಿಯಾಗಿ ಮಾಡುವ ಕೆಲಸದ, ಏಳು ತತ್ವಗಳನ್ನು ಮೊದಲ ಸೆಮಿಸ್ಟರಿನಲ್ಲೇ ಬಾಯಿಪಾಠ ಮಾಡಿಸುತ್ತೇವೆ: ಗೌಪ್ಯತೆ, ಒಪ್ಪಿಕೊಳ್ಳುವಿಕೆ, ಸ್ವನಿರ್ಧಾರ... ಜಗುಲಿಯ ಮೇಲೆ ಪರೀಕ್ಷೆಗೆ ಬರುವುದು ಮಾತ್ರ ‘ಯಾವಾಗ ಬತ್ತೀಯವ್ವ?’

ಲೆಕ್ಕ ಸರಳ. ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ. ಸೆಮಿಸ್ಟರಿನಲ್ಲಿ ರಜೆ, ಪರೀಕ್ಷೆ, ಗ್ರಾಮೀಣ ಶಿಬಿರ ಕಳೆದರೆ ಕೈಗೆ ಸಿಗುವುದು ಇಪ್ಪತ್ತೈದು ದಿನ. ಅದರಲ್ಲಿ ಒಂದು ಮನೆಗೆ ಏಳೆಂಟು ಭೇಟಿ. ಈ ಸಂಖ್ಯೆಯನ್ನು ಮೊದಲ ದಿನವೇ ಮನೆಯವರಿಗೆ ಹೇಳಬೇಕು: ‘ನಾನು ಕಾಲೇಜಿನವಳು, ಗುರುವಾರ ಹನ್ನೊಂದಕ್ಕೆ ಬರ್ತೀನಿ, ಒಟ್ಟು ಏಳು ಸಲ.’ ಹೇಳದೆ ಹೋದರೆ ಪರೀಕ್ಷೆ ಬಂದಾಗ ವಿದ್ಯಾರ್ಥಿ ಸುಮ್ಮನೆ ಮಾಯವಾಗುತ್ತಾಳೆ. ಮುಂದಿನ ವರ್ಷ ಇನ್ನೊಬ್ಬಳು ಬಂದು ಅದೇ ಕಥೆ ಮೊದಲಿನಿಂದ ಕೇಳುತ್ತಾಳೆ.

ವರದಿ ಬರೆಯುವ ಕ್ರಮವೂ ಇದಕ್ಕೇ ಇರುವುದು. ಅದೇ ರಾತ್ರಿ ಬರೆಯಬೇಕು, ಮೂರು ದಿನ ಬಿಟ್ಟರೆ ಮಾತು ಸಾರಾಂಶವಾಗಿಬಿಡುತ್ತದೆ. ಮುಖ್ಯವಾದ ಹತ್ತು ನಿಮಿಷವನ್ನಾದರೂ ಅವರ ಮಾತು, ನಮ್ಮ ಮಾತು ಎಂದು ಆಡಿದ ಹಾಗೆಯೇ ಇಳಿಸಬೇಕು. ನನಗೇನನ್ನಿಸಿತು ಎನ್ನುವುದು ಬೇರೆ ಅಂಕಣದಲ್ಲಿ. ಹೆಸರು ಬೇಡ, ಮೊದಲಕ್ಷರ ಸಾಕು. ಮೇಲ್ವಿಚಾರಕರಿಗೆ ಅಗಲವಾದ ಅಂಚು ಬಿಡಬೇಕು. ‘ನೀಡಲಾಯಿತು’, ‘ತಿಳಿಸಲಾಯಿತು’ ಎಂಬ ಕರ್ಮಣಿ ಪ್ರಯೋಗ ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯಬೇಕು, ಏಕೆಂದರೆ ತಪ್ಪು ಅಡಗಿ ಕೂರುವ ಜಾಗ ಅದೇ. ಓದದೆ ಸಹಿ ಹಾಕುವ ಮೇಲ್ವಿಚಾರಕರು ಇದ್ದಾರೆ. ವಿದ್ಯಾರ್ಥಿಗಳು ಸೀನಿಯರುಗಳ ವರದಿ ನಕಲು ಮಾಡುವುದು ಅಂಥವರ ಕೈಕೆಳಗೇ.

ಇದೇ ವರದಿಯಲ್ಲಿ ‘ದಾಖಲೆಗಳ ಸಮಸ್ಯೆ ಇದೆ’ ಎಂದೂ ಇತ್ತು. ಯಾವ ದಾಖಲೆ? ಬಿಡಿಸಿ ನೋಡಿದರೆ, ಹುಡುಗನಿಗೆ ಬೌದ್ಧಿಕ ನ್ಯೂನತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿದ 21 ಬಗೆಗಳಲ್ಲಿ ಅದೂ ಒಂದು. ನ್ಯೂನತೆ ಶೇ. 40ಕ್ಕಿಂತ ಕಡಿಮೆಯಿಲ್ಲ ಎಂದು ವೈದ್ಯರು ಪ್ರಮಾಣೀಕರಿಸಿ ಯು.ಡಿ.ಐ.ಡಿ., ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡು ಬಂದರೆ ಪಿಂಚಣಿ ಅರ್ಜಿಗೆ ನಾಡಕಚೇರಿಯ ದಾರಿ. ಆದರೆ ಆಧಾರ್ ಮಾಡಿಸಿದ್ದು ಅವನು ಏಳು ವರ್ಷದವನಿದ್ದಾಗ. ಹದಿನೈದು ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಮತ್ತೆ ಕೊಡಬೇಕಿತ್ತು, ಕೊಟ್ಟಿಲ್ಲ. ಅದರಲ್ಲಿರುವ ಮೊಬೈಲ್ ನಂಬರು ಎಂದೋ ಬಂದ್ ಆಗಿದೆ, ಓಟಿಪಿ ಬರುವುದಿಲ್ಲ. ಅಂದರೆ ಮೊದಲು ಆಧಾರ್ ಕೇಂದ್ರ, ಆಮೇಲೆ ಯು.ಡಿ.ಐ.ಡಿ. ಅರ್ಜಿ, ಆಮೇಲೆ ಆಸ್ಪತ್ರೆ, ನಾಡಕಚೇರಿ ಕೊನೆಗೆ. ಈ ಸರದಿ ತಪ್ಪಿದರೆ ತಾಯಿಗೆ ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತದೆ.

ಉಳಿದ ಐದು ಭೇಟಿಯಲ್ಲಿ ಇದೆಲ್ಲ ಮುಗಿಯುವುದಿಲ್ಲ. ಆದ್ದರಿಂದ ಕೆಲಸವನ್ನು ಮುಂದೆ ನೋಡಿಕೊಳ್ಳುವವರ ಕೈಗೆ ದಾಟಿಸುವುದು ಈಗಲೇ ಶುರುವಾಗಬೇಕು. ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಚಿಕ್ಕ ಗೌರವಧನಕ್ಕೆ ದೊಡ್ಡ ಕೆಲಸ ಹೊತ್ತವರು. ಅವರ ನಂಬರು ಕೊಟ್ಟು ಬಂದರೆ ಸಾಲದು, ಒಂದು ಭೇಟಿಗೆ ಜೊತೆಯಲ್ಲೇ ಕರೆದುಕೊಂಡು ಹೋಗಬೇಕು. ತಾಯಿ ಅವರ ಮುಖ ನೋಡಿರಬೇಕು.

ಹುಡುಗಿ ಕಣ್ಣೀರು ಹಾಕಿದಳು. ಕ್ಷಮೆ ಕೇಳಬೇಕೇ ಎಂದಳು. ಕೇಳಬೇಕು, ಒಂದೇ ವಾಕ್ಯದಲ್ಲಿ: ‘ದಿನ ಹೇಳದೆ ಹೋದದ್ದು ನನ್ನ ತಪ್ಪು.’ ಉದ್ದ ಮಾಡಿದರೆ ಅವಳನ್ನು ಸಮಾಧಾನಪಡಿಸುವ ಕೆಲಸವೂ ಆ ತಾಯಿಯ ತಲೆಗೇ ಬರುತ್ತದೆ.

ಆ ಮನೆಯ ಗೋಡೆಯಲ್ಲಿ ಕ್ಯಾಲೆಂಡರು ಇದೆಯಂತೆ, ದಿನಸಿ ಅಂಗಡಿಯವರು ಕೊಟ್ಟದ್ದು. ಬರುವ ಗುರುವಾರ ಹನ್ನೊಂದಕ್ಕೆ ಹೋಗಿ, ತಾಯಿಯ ಎದುರಿಗೇ ಐದು ಗುರುವಾರಗಳಿಗೆ ಸುತ್ತು ಹಾಕುತ್ತಾಳೆ. ನಾಲ್ಕನೆಯದರಲ್ಲಿ ವಿ.ಆರ್.ಡಬ್ಲ್ಯು. ಜೊತೆಗೆ ಬರುತ್ತಾರೆ. ಐದನೆಯದರ ಪಕ್ಕದಲ್ಲಿ ಅವರ ಮೊಬೈಲ್ ನಂಬರು ದೊಡ್ಡ ಅಂಕಿಗಳಲ್ಲಿ.